ಮೊದಲು ಯಾರು ಅಂತ ಹೇಳು

ಮೀನು ಪ್ಯಾಕ್ ಮಾಡುವ ಶೆಡ್ಡಿನಲ್ಲಿ ಅವಳನ್ನು ಎಲ್ಲರೂ ಸಣ್ಣಕ್ಕ ಅನ್ನುತ್ತಿದ್ದರು. ಆಳೇನೂ ಸಣ್ಣವಳಲ್ಲ, ಬಾಗಿಲಿಗೆ ನಿಂತರೆ ಬೆಳಕು ಅಡ್ಡವಾಗುವಂಥ ಮೈಕಟ್ಟು. ಅವಳಿಗಿಂತ ಮೊದಲು ಕೆಲಸಕ್ಕೆ ಸೇರಿದ ಇನ್ನೊಬ್ಬಳು ದೊಡ್ಡಕ್ಕ ಆಗಿ ಕೂತಿದ್ದರಿಂದ ಇವಳ ಪಾಲಿಗೆ ಉಳಿದದ್ದು ಆ ಹೆಸರು. ಬಾಯಿ ಮಾತ್ರ ಶೆಡ್ಡಿಗೇ ದೊಡ್ಡದು. ಐಸಿನಲ್ಲಿ ಕೈಯಾಡಿಸಿ ಬೆರಳು ಮರಗಟ್ಟಿದಾಗಲೂ ಅವಳ ನಾಲಿಗೆ ಮರಗಟ್ಟಿದ್ದನ್ನು ಯಾರೂ ಕಂಡಿರಲಿಲ್ಲ. ಅಂಥವಳು ವಿಚಾರಣೆಯ ಕೋಣೆಯಿಂದ ಹೊರಗೆ ಬಂದವಳೇ ತುಟಿಪಿಟಕ್ಕೆನ್ನದೆ ಗೋಡೆಗೆ ಒರಗಿ ಕೂತುಬಿಟ್ಟಳು.

ಒಳಗೆ ನಡೆದದ್ದು ಇಷ್ಟು. ಮೇಜಿನ ಆಚೆ, ವಿಚಾರಣೆಗೆಂದು ಸರ್ಕಾರ ಬೇರೆ ಕಡೆಯಿಂದ ಕಳಿಸಿದ ಅಧಿಕಾರಿಣಿ. ಆಕೆಗೆ ಇಂಗ್ಲಿಷ್ ಬಿಟ್ಟರೆ ಬೇರೆ ಮಾತು ಬಾರದು. ಈಚೆ ಸಣ್ಣಕ್ಕ. ನಡುವೆ ಮಾತು ದಾಟಿಸಲು ಕಂಪನಿಯ ಗುಮಾಸ್ತ. ಸಣ್ಣಕ್ಕ ತನ್ನ ನಾದಿನಿಗೆ ಆದದ್ದನ್ನೆಲ್ಲ ಬುಡದಿಂದ ಹೇಳಿದಳು. ಅತ್ತಳು, ಮೂಗು ಒರೆಸಿಕೊಂಡಳು, ಮತ್ತೆ ಹೇಳಿದಳು. ಮುಂದಿದ್ದ ಟೀ ಆರಿ ಕೆನೆಗಟ್ಟಿತು. ಅವಳು ಮುಗಿಸಿದ ಮೇಲೆ ಗುಮಾಸ್ತ ಕನ್ನಡಕ ಮೇಲೇರಿಸಿಕೊಂಡು ಅಧಿಕಾರಿಣಿಯ ಕಡೆ ತಿರುಗಿ ಒಂದೇ ಒಂದು ಮಾತು ಹೇಳಿದ. ಆಕೆ ಅದನ್ನು ಬರೆದುಕೊಂಡು ತಲೆಯಾಡಿಸಿದರು. ಮುಗಿಯಿತು.

ಅಷ್ಟುದ್ದದ ಸಂಕಟ ಅಷ್ಟು ಗಿಡ್ಡ ಮಾತಿನಲ್ಲಿ ಹೇಗೆ ಹಿಡಿಯಿತು? ಸಣ್ಣಕ್ಕನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಆದರೆ ಮೋಸ ಹೋದದ್ದು ತಿಳಿಯಲು ಭಾಷೆ ಬೇಕಿರಲಿಲ್ಲ. ಗುಮಾಸ್ತನ ಬಾಯಿಂದ ಬಿದ್ದ ಸದ್ದನ್ನು ಅವಳು ಹಾಗೇ ಹಿಡಿದುಕೊಂಡಳು. ಚೆಲ್ಲಿದರೆ ಹೋಯಿತು ಅನ್ನುವ ಹಾಗೆ ಅದನ್ನೇ ಗುನುಗಿಕೊಳ್ಳುತ್ತ ಆಸ್ಪತ್ರೆಯ ಕಡೆ ಹೊರಟಳು.

ನಾದಿನಿ ಅಂದರೆ ಗಂಡನ ತಂಗಿ, ಮನೆಯವರಿಗೆ ಪುಟ್ಟಿ. ಅತ್ತೆ ಸಾಯುವಾಗ ಅವಳಿನ್ನೂ ಲಂಗದ ಹುಡುಗಿ. ಸಣ್ಣಕ್ಕನೇ ತಲೆ ಬಾಚಿ, ಬೈದು, ಉಣ್ಣಿಸಿ ಬೆಳೆಸಿದ್ದಳು. ದೊಡ್ಡವಳಾದ ಮೇಲೆ ತನ್ನ ಪಕ್ಕದಲ್ಲೇ ಕೆಲಸಕ್ಕೆ ನಿಲ್ಲಿಸಿಕೊಂಡಿದ್ದಳು. ಸಣ್ಣಕ್ಕನ ಗಂಡನಿಗೂ ಅಲ್ಲೇ ಕೆಲಸ. ಕೋಲ್ಡ್ ರೂಮಿನ ಬಾಗಿಲು ತೆಗೆಯುವುದು, ಹಾಕುವುದು, ಬೀಗದ ಕೈ ಸೊಂಟದಲ್ಲಿ ಇಟ್ಟುಕೊಳ್ಳುವುದು.

ಆ ದಿನ ಪಾಳಿ ಮುಗಿಯುವ ಹೊತ್ತಿಗೆ ಸೂಪರ್‌ವೈಸರ್ ಸಣ್ಣಕ್ಕನ ಎದುರಿಗೇ ಪುಟ್ಟಿಯನ್ನು ಕರೆದು, ಒಳಗೆ ಉಳಿದಿರುವ ಪೆಟ್ಟಿಗೆ ನೋಡಿ ಬಾ ಅಂತ ಕೋಲ್ಡ್ ರೂಮಿಗೆ ಅಟ್ಟಿದ. ಅಷ್ಟರಲ್ಲಿ ಲಾರಿ ಬಂತು. ಅವನೇ ಆ ಕಡೆಯಿಂದ ಓಡಿ ಬಂದು, ಬಾಗಿಲು ಹಾಕು, ಬೇಗ ಹಾಕು, ಲಾರಿ ಹತ್ತಿರ ಬಾ ಅಂತ ಪುಟ್ಟಿಯ ಅಣ್ಣನಿಗೆ ಅವಸರ ಮಾಡಿದ. ಅಣ್ಣ ಬಾಗಿಲು ಎಳೆದ, ಪಟ್ಟಿ ಬಿಗಿದ, ಬೀಗ ಜಡಿದ, ಹೋದ. ಒಳಗಿನಿಂದ ಬಾರಿಸುವ ಬೆಲ್ಲು ಕೆಟ್ಟು ಎಷ್ಟೋ ಕಾಲವಾಗಿತ್ತು, ಮ್ಯಾನೇಜರ್ ಬಂದು ನೋಡಿಯೂ ಹೋಗಿದ್ದ. ಗೇಟಿನಲ್ಲಿ ನಾದಿನಿಗಾಗಿ ಕಾದು ಕಾದು ಸಣ್ಣಕ್ಕ ವಾಪಸ್ ಬಂದು ಕೂಗಾಡದಿದ್ದರೆ ಬೆಳಗಿನವರೆಗೂ ಆ ಬಾಗಿಲು ತೆಗೆಯುತ್ತಿರಲಿಲ್ಲ. ತೆಗೆದಾಗ ಪುಟ್ಟಿ ಬಾಗಿಲಿಗೆ ಅಂಟಿಕೊಂಡು ಕೂತಿದ್ದಳು. ಬಲಗೈಯ ಬೆರಳುಗಳನ್ನು ಡಾಕ್ಟರಿಗೆ ಉಳಿಸಲು ಆಗಲಿಲ್ಲ, ಹೆಬ್ಬೆರಳೊಂದು ಉಳಿಯಿತು.

ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಪುಟ್ಟಿ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು. ಮಾತಿಲ್ಲ, ಕತೆಯಿಲ್ಲ. ಕೊಟ್ಟ ಹಾಲು ಕುಡಿಯುತ್ತಿದ್ದಳು, ಅಷ್ಟೇ. ಪಕ್ಕದ ಮಂಚದಲ್ಲಿ ಕಾಲು ಮುರಿದುಕೊಂಡ ಒಬ್ಬ ಮುದುಕಿ ಇದ್ದರು. ಕಾಲನ್ನು ಹಗ್ಗಕ್ಕೆ ತೂಗುಹಾಕಿ, ಹಗ್ಗದ ತುದಿಗೆ ಭಾರ ಕಟ್ಟಿದ್ದರು. ನರ್ಸುಗಳು ಕೂಡ ಆಕೆಯನ್ನು ಟೀಚರಮ್ಮ ಅನ್ನುತ್ತಿದ್ದರು. ಜೀವಮಾನವೆಲ್ಲ ಚಿಕ್ಕ ಮಕ್ಕಳಿಗೆ ಇಂಗ್ಲಿಷಿನ ಮೊದಲ ಪಾಠ ಹೇಳಿ ರಿಟೈರಾದವರು. ಕೋಪ ಮೂಗಿನ ತುದಿಯಲ್ಲೇ.

ಸಣ್ಣಕ್ಕ ಗುನುಗುತ್ತಿದ್ದುದು ಆಕೆಯ ಕಿವಿಗೆ ಬಿತ್ತು.

"ಏನದು? ಇನ್ನೊಂದು ಸಲ ಹೇಳು."

"ಶೀ ವೆಂಟಿನ್ ಸೈಡಾನ್ ಅರೋನ್," ಅಂದಳು ಸಣ್ಣಕ್ಕ.

ಟೀಚರಮ್ಮ ಕಣ್ಣು ಮುಚ್ಚಿ ಆ ಸದ್ದನ್ನು ಬಿಡಿಸಿ ಜೋಡಿಸಿದರು. ಆಮೇಲೆ ದನಿ ತಗ್ಗಿಸಿ ಅರ್ಥ ಹೇಳಿದರು. "ಅವಳು ತಾನಾಗೇ ಒಳಗೆ ಹೋದಳು ಅಂತ."

ಕಂಪನಿ ಅದನ್ನೇ ಹೇಳಿಕೊಂಡು ಬಂದಿತ್ತು. ಹುಡುಗಿ ಸೀಗಡಿ ಕದಿಯಲು ತಾನಾಗೇ ಒಳಗೆ ಹೋದಳು, ಬಾಗಿಲು ಹಾಕಿಕೊಂಡಿತು, ನಾವೇನು ಮಾಡೋಣ ಅಂತ. ಈಗ ಅದು ಅತ್ತಿಗೆಯ ಬಾಯಿಂದಲೇ ಬಂದಂತಾಯಿತು. ಹೀಗೇ ಮುಗಿದರೆ ಪುಟ್ಟಿಯ ಮೇಲೆ ಕಳ್ಳಿ ಅನ್ನುವ ಹೆಸರು ನಿಲ್ಲುತ್ತದೆ, ಪೊಲೀಸರೂ ಬರುತ್ತಾರೆ. ಅಧಿಕಾರಿಣಿ ಮುಂದಿನ ವಾರ ಇನ್ನೊಮ್ಮೆ ಬರುವವರಿದ್ದರು. ಅದೇ ಕೊನೆ.

ನೀವೇ ಬರೆದುಕೊಡಿ ಅಮ್ಮಾ ಅಂತ ಸಣ್ಣಕ್ಕ ಮಂಚದ ಕಾಲು ಹಿಡಿದುಕೊಂಡಳು. ಬರೆದುಕೊಟ್ಟರೆ ಯಾರು ಬರೆದದ್ದು, ಯಾಕೆ ಬರೆದದ್ದು ಅಂತ ಗುಮಾಸ್ತನೇ ತಕರಾರು ತೆಗೆಯುತ್ತಾನೆ, ಕಂಡವಳ ಬಾಯಿಂದ ಬಂದರೆ ಮಾತ್ರ ಆ ಮಾತಿಗೆ ಬೆಲೆ ಅಂದರು ಟೀಚರಮ್ಮ. ಶೆಡ್ಡಿನವರಲ್ಲಿ ಇಂಗ್ಲಿಷ್ ಬಲ್ಲವರು ಇಲ್ಲ, ಇದ್ದ ಒಬ್ಬಿಬ್ಬರು ಕೆಲಸ ಹೋದೀತು ಅಂತ ಮುಖ ತಪ್ಪಿಸಿಕೊಂಡು ಓಡಾಡುತ್ತಿದ್ದರು.

"ಹಾಗಾದ್ರೆ ನಾನೇ ಹೇಳ್ತೀನಿ. ಕಲಿಸಿ," ಅಂದಳು ಸಣ್ಣಕ್ಕ.

ಟೀಚರಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದರು. ಒಂದು ವಾರದಲ್ಲಿ ಭಾಷೆ ಬರೋದಿಲ್ಲ ಅಂದರು. ಆಮೇಲೆ, ಭಾಷೆ ಬರದಿದ್ದರೂ ವಾಕ್ಯ ಬರಬಹುದು ಅಂದರು.

ಪಾಠ ಶುರುವಾದದ್ದು ಹಾಗೆ, ರೋಗಿಗಳನ್ನು ನೋಡಲು ಬಿಡುವ ಸಂಜೆಯ ಹೊತ್ತಿನಲ್ಲಿ, ಎರಡು ಮಂಚಗಳ ನಡುವಿನ ಸ್ಟೂಲಿನ ಮೇಲೆ. ಟೀಚರಮ್ಮನ ಕ್ರಮ ಒಂದೇ. ಮೊದಲು ಯಾರು. ಆಮೇಲೆ ಏನು ಮಾಡಿದರು. ಆಮೇಲೆ ಯಾವುದನ್ನು. ಪ್ರಶ್ನೆ ಬೇಡ, ಇಲ್ಲ ಅನ್ನುವುದೂ ಬೇಡ, ಹೌದು ಅನ್ನುವ ವಾಕ್ಯ ಮಾತ್ರ.

"ಐ ಫಿಶ್ ಪ್ಯಾಕ್," ಅಂದಳು ಸಣ್ಣಕ್ಕ.

"ಮಾಡಿದ್ದನ್ನ ಕೊನೆಗೆ ಎಳೀಬೇಡ, ಅದು ನಮ್ಮ ಮಾತಿನ ಚಾಳಿ. ಐ ಪ್ಯಾಕ್ ಫಿಶ್. ಕೆಲಸ ಮಧ್ಯಕ್ಕೆ ಬರಬೇಕು."

ಮರುದಿನ "ಐ ಫಿಶ್" ಅಂದು ನಿಲ್ಲಿಸಿದ್ದಕ್ಕೆ, ಹಾಗಾದರೆ ನಿನ್ನನ್ನೂ ಐಸಿನಲ್ಲಿ ಇಡೋಣವಾ ಅಂತ ಬೈಸಿಕೊಂಡಳು. ಆಚೆ ಮಂಚದ ಬಾಣಂತಿ ನಕ್ಕಳು. ಸಣ್ಣಕ್ಕನೂ ನಗಲು ಹೋಗಿ, ಐಸು ಅನ್ನುವ ಮಾತು ಎದೆಗೆ ತಾಗಿ ಕಣ್ಣೊರೆಸಿಕೊಂಡಳು. ಟೀಚರಮ್ಮ ಆಮೇಲೆ ಆ ತಮಾಷೆ ಮಾಡಲಿಲ್ಲ.

'ಈಸ್' ಅನ್ನುವುದಂತೂ ಅವಳ ಪ್ರಾಣ ಹಿಂಡಿತು. ಪುಟ್ಟಿ ನನ್ನ ನಾದಿನಿ ಅಂದರೆ ನಮ್ಮ ಮಾತಿನಲ್ಲಿ ಅಲ್ಲಿಗೆ ಸರಿಹೋಯಿತು. ಇಂಗ್ಲಿಷಿನಲ್ಲಿ ನಡುವೆ ಅದೊಂದು ಬೇಕು. ಅದರ ಅರ್ಥ ಏನು ಅಂತ ಕೇಳಿದಳು. ಅರ್ಥ ಅಂತ ತೆಗೆದು ತೋರಿಸೋಕೆ ಏನೂ ಇಲ್ಲ, ಆದರೆ ಅದಿಲ್ಲದೆ ವಾಕ್ಯ ನಿಲ್ಲೋದಿಲ್ಲ ಅಂದರು ಟೀಚರಮ್ಮ. ಶೆಡ್ಡಿನಲ್ಲಿ ಮೀನು ಜೋಡಿಸುತ್ತ ಅವಳು ಮನಸ್ಸಿನಲ್ಲೇ ಹೇಳಿಕೊಂಡಳು. ದಿಸ್ ಈಸ್ ಫಿಶ್. ದಿಸ್ ಈಸ್ ಐಸ್. ಪುಟ್ಟಿ ಈಸ್ ಮೈ ಸಿಸ್ಟರ್. ನಾದಿನಿಗೂ ಸಿಸ್ಟರ್ ಅಂದರೆ ಸಾಕು ಅಂದಿದ್ದರು ಟೀಚರಮ್ಮ. ಹೇಳಿಕೊಂಡದ್ದು ಇನ್ನೊಂದು ಮೀನು ಎತ್ತುವಷ್ಟರಲ್ಲಿ ಮರೆಯುತ್ತಿತ್ತು. ಪಕ್ಕದ ದೊಡ್ಡಕ್ಕ, ಇವಳಿಗೆ ತಲೆ ಕೆಟ್ಟಿದೆ ಅಂತ ಸನ್ನೆ ಮಾಡಿ ಮಿಕ್ಕವರಿಗೆ ತೋರಿಸಿದಳು.

ದಿನ ಹತ್ತಿರವಾದಂತೆ ಟೀಚರಮ್ಮ ನಿಜವಾದ ಮಾತಿಗೆ ಬಂದರು. ಸೂಪರ್‌ವೈಸರ್ ಕಳಿಸಿದ್ದನ್ನು ಹೇಳು ಅಂದರು. "ಸೂಪರ್‌ವೈಸರ್ ಸೆಂಟ್ ಹರ್," ಅಂದಳು ಸಣ್ಣಕ್ಕ. ಬೆಲ್ಲು? "ದ ಬೆಲ್ ವಾಸ್ ಬ್ರೋಕನ್." ಸೈ ಅಂದರು. ಬಾಗಿಲಿನ ವಿಷಯ?

"ಡೋರ್ ಕ್ಲೋಸ್ಡ್," ಅಂದಳು ಸಣ್ಣಕ್ಕ.

"ತಾನಾಗೇನಾ?"

ಸಣ್ಣಕ್ಕ ಪುಟ್ಟಿಯ ಹೊದಿಕೆ ಸರಿಮಾಡಲು ಎದ್ದಳು.

"ಕಂಪನಿಯವರೂ ಅದನ್ನೇ ಹೇಳ್ತಿರೋದು. ಬಾಗಿಲಿಗೆ ಕೈಕಾಲು ಇದೆಯಾ? ಮೊದಲು ಯಾರು ಅಂತ ಹೇಳು."

ಆ 'ಯಾರು' ಅನ್ನುವುದನ್ನು ಸಣ್ಣಕ್ಕ ಇಷ್ಟು ದಿನ ಬಾಯಿಗೆ ತಂದುಕೊಂಡಿರಲಿಲ್ಲ. ಬುಡದಿಂದ ಹೇಳಿದೆ ಅಂದುಕೊಂಡ ಮೊದಲ ವಿಚಾರಣೆಯಲ್ಲೂ ಅವಳು ಬಾಗಿಲು ಹಾಕಿತ್ತು, ಬೀಗ ಬಿದ್ದಿತ್ತು ಅಂತಲೇ ಹೇಳಿದ್ದಳು. ಮನೆಯಲ್ಲೂ ಅಷ್ಟೇ. ಗಂಡ ಹೆಂಡತಿ ಇಬ್ಬರೂ ಆ ಮಾತಿನ ಸುತ್ತ ಕಾಲು ತಾಗದ ಹಾಗೆ ಓಡಾಡಿಕೊಂಡಿದ್ದರು. ನಿನ್ನ ಕೆಲಸ ಉಳೀಬೇಕಾದರೆ ನೀನು ಏನೂ ಕಂಡಿಲ್ಲ ಅಂತ ಸೂಪರ್‌ವೈಸರ್ ಅವನಿಗೆ ಹೇಳಿಕೊಟ್ಟಿದ್ದ. ಅವನು ಹಾಗೇ ಹೇಳಿದ್ದ. ಆಸ್ಪತ್ರೆಗೆ ಬಂದರೂ ವಾರ್ಡಿನ ಬಾಗಿಲಲ್ಲೇ ನಿಂತು ತಂಗಿಯ ಬೆನ್ನು ನೋಡಿ ಹೋಗುತ್ತಿದ್ದ.

"ಆ ವಾಕ್ಯ ಬಿಟ್ಟುಬಿಡೋಣ ಅಮ್ಮಾ."

"ಬಿಡು. ಆದ್ರೆ ಆಕೆ ಕೇಳೇ ಕೇಳ್ತಾರೆ. ಆಗ ನೀನು ತಡವರಿಸಿದ್ರೆ ಉಳಿದ ವಾಕ್ಯಗಳನ್ನೂ ನಂಬೋದಿಲ್ಲ."

ಸಣ್ಣಕ್ಕ ಪುಟ್ಟಿಯ ಬೆನ್ನು ನೋಡಿದಳು. ಅದು ಅಲುಗಲಿಲ್ಲ. ಆಮೇಲೆ ಟೀಚರಮ್ಮನ ಕಿವಿಯ ಹತ್ತಿರ ಬಗ್ಗಿ, ಗಂಡ ಅನ್ನೋದಕ್ಕೆ ಏನಂತಾರೆ ಅಂತ ಕೇಳಿದಳು.

ಆ ಸಂಜೆ ಮನೆಗೆ ಬಂದು ಪಾತ್ರೆ ತೊಳೆಯುತ್ತ ನಲ್ಲಿಯ ಸದ್ದಿನಲ್ಲಿ ಅದನ್ನೇ ಹೇಳಿಕೊಳ್ಳುತ್ತಿದ್ದಳು. ಮೈ ಹಸ್ಬೆಂಡ್ ಲಾಕ್ಡ್ ದ ಡೋರ್. ನಲ್ಲಿ ನಿಲ್ಲಿಸಿ ತಿರುಗಿದರೆ ಗಂಡ ಹಿಂದೆ ನಿಂತಿದ್ದ. ಅವನಿಗೂ ಇಂಗ್ಲಿಷ್ ಬಾರದು. ಆದರೆ ಹಸ್ಬೆಂಡ್, ಲಾಕು, ಡೋರು ಯಾರಿಗೆ ತಿಳಿಯದ ಮಾತು?

"ನನ್ನ ಹೇಳ್ತೀಯಾ?" ಅಂತ ಕೇಳಿದ.

"ವಾಕ್ಯಕ್ಕೆ ಯಾರು ಅನ್ನೋದು ಬೇಕಂತೆ," ಅಂದಳು.

ಅವನು ಸಿಟ್ಟಾಗಬಹುದು, ಕೈ ಎತ್ತಬಹುದು ಅಂದುಕೊಂಡಿದ್ದಳು. ಅವನು ನೆಲಕ್ಕೆ ಕುಸಿದು ಕೂತ. ಜೈಲಿಗೆ ಹಾಕ್ತಾರೆ, ನೀನೊಬ್ಬಳೇ ಅವಳನ್ನ ನೋಡ್ಕೋಬೇಕಾಗುತ್ತೆ, ಬರೀ ಸೂಪರ್‌ವೈಸರನ್ನ ಹೇಳಿದ್ರೆ ಆಗೋದಿಲ್ವಾ ಅಂತ ಗೋಗರೆದ. ನಾನು ನೋಡಲಿಲ್ಲ ಕಣೇ, ಒಳಗೆ ಇಣುಕಿ ನೋಡಿದ್ರೆ ಆಗ್ತಿತ್ತು, ಲಾರಿ ಬಂದಿತ್ತು ಅಂತ ಅದನ್ನೇ ತಿರುಗಿಸಿ ತಿರುಗಿಸಿ ಹೇಳಿದ. ಸಣ್ಣಕ್ಕನಿಗೆ ಸಮಾಧಾನ ಮಾಡಲೂ ಬರಲಿಲ್ಲ, ಬೈಯಲೂ ಬರಲಿಲ್ಲ. ತಾನು ಬಾಯಿ ಬಿಟ್ಟರೆ ಗಂಡ, ಮುಚ್ಚಿಕೊಂಡರೆ ಪುಟ್ಟಿ. ಯಾವ ಕಡೆ ತಿರುಗಿದರೂ ತನ್ನ ಮನೆಯೇ. ಅವಳು ಅವನ ಪಕ್ಕದಲ್ಲೇ ಒದ್ದೆ ಕೈಯಲ್ಲಿ ಕೂತಳು. ಅಡುಗೆಮನೆಯ ದೀಪ ಹಾಕಲು ಕೂಡ ಇಬ್ಬರೂ ಏಳಲಿಲ್ಲ.

ವಿಚಾರಣೆಯ ದಿನ ಕೋಣೆಯಲ್ಲಿ ಮ್ಯಾನೇಜರ್, ಸೂಪರ್‌ವೈಸರ್, ಗುಮಾಸ್ತ ಒಂದು ಸಾಲಿನಲ್ಲಿ ಕೂತಿದ್ದರು. ಗೋಡೆಯ ಹತ್ತಿರದ ಬೆಂಚಿನಲ್ಲಿ ಅವಳ ಗಂಡ. ಗುಮಾಸ್ತ ಎಂದಿನಂತೆ ಮುಂದೆ ಬಂದು, ಹೇಳಮ್ಮಾ ಅಂದ. ಸಣ್ಣಕ್ಕ ಅವನ ಕಡೆ ನೋಡದೆ ಅಧಿಕಾರಿಣಿಯನ್ನೇ ನೋಡಿದಳು.

"ಐ ಸ್ಪೀಕ್," ಅಂದಳು.

ಗುಮಾಸ್ತನ ಮುಖ ಹುಳ್ಳಗಾಯಿತು. ಇವಳಿಗೆ ಭಾಷೆ ಬಾರದು ಅಂತ ಅವನು ಆಕೆಗೆ ಹೇಳಹೊರಟ. ಅಧಿಕಾರಿಣಿ ಕೈ ಅಡ್ಡ ಹಿಡಿದು ಅವನನ್ನು ಕೂರಿಸಿದರು.

ಸಣ್ಣಕ್ಕನ ಮಾತು ಒಂದೊಂದೇ ಹೊರಗೆ ಬಂತು, ಹಲ್ಲು ಕೀಳಿಸಿಕೊಂಡ ಹಾಗೆ. ಐ ಪ್ಯಾಕ್ ಫಿಶ್. ಪುಟ್ಟಿ ಈಸ್ ಮೈ ಸಿಸ್ಟರ್. ಸೂಪರ್‌ವೈಸರ್ ಸೆಂಟ್ ಹರ್. ಇಲ್ಲಿ ಸೂಪರ್‌ವೈಸರ್ ಕುರ್ಚಿ ಸರಿಸಿ ಏನೋ ಅಂದ, ಅಧಿಕಾರಿಣಿ ತಿರುಗಿಯೂ ನೋಡಲಿಲ್ಲ. ಐ ಹರ್ಡ್. ದ ಬೆಲ್ ವಾಸ್ ಬ್ರೋಕನ್. ದ ಮ್ಯಾನೇಜರ್ ಸಾ ದ ಬೆಲ್.

ಅಧಿಕಾರಿಣಿ ಪೆನ್ನು ನಿಲ್ಲಿಸಿ ಕೇಳಿದರು. ಕೇಳಿದ್ದರಲ್ಲಿ 'ಹೂ' ಇತ್ತು, 'ಡೋರ್' ಇತ್ತು. ಹೂ ಅಂದರೆ ಯಾರು. ಟೀಚರಮ್ಮ ಮೊದಲ ದಿನವೇ ಕಲಿಸಿದ್ದರು.

ಗೋಡೆಯ ಕಡೆ ನೋಡಬಾರದು ಅಂತ ಅವಳು ಹಲ್ಲುಕಚ್ಚಿಕೊಂಡಳು. "ಮೈ ಹಸ್ಬೆಂಡ್," ಅಂದಳು. "ಮೈ ಹಸ್ಬೆಂಡ್ ಲಾಕ್ಡ್ ದ ಡೋರ್."

ಅಧಿಕಾರಿಣಿ ಬೆಂಚಿನ ಕಡೆ ನೋಡಿ, ಮತ್ತೆ ಅವಳನ್ನು ನೋಡಿ, ನಿಧಾನವಾಗಿ ಇನ್ನೊಂದು ಪ್ರಶ್ನೆ ಕೇಳಿದರು. ಒಳಗೆ ಅವಳಿರುವುದು ಅವನಿಗೆ ಗೊತ್ತಿರಲಿಲ್ಲ, ಅಲ್ಲವೇ ಅನ್ನುವ ಅರ್ಥದ ಪ್ರಶ್ನೆ. 'ನಾಟ್', 'ನೋ', 'ಇನ್ಸೈಡ್' ಅನ್ನುವುದು ಸಣ್ಣಕ್ಕನ ಕಿವಿಗೆ ಸಿಕ್ಕಿತು. ಆಕೆ ಗಂಡನ ಪರವಾಗಿ ಕೇಳುತ್ತಿದ್ದಾರೆ ಅಂತ ಮುಖ ನೋಡಿಯೇ ತಿಳಿಯಿತು. ಗೊತ್ತಿರಲಿಲ್ಲ ಅಲ್ವಾ ಅಂದರೆ ನಾವು ಏನನ್ನುತ್ತೇವೆ? ಹೌದು ಅನ್ನುತ್ತೇವೆ. ಹೌದು, ನೀವು ಹೇಳಿದ್ದು ಸರಿ, ಗೊತ್ತಿರಲಿಲ್ಲ ಅಂತ.

"ಯಸ್," ಅಂದಳು ಸಣ್ಣಕ್ಕ.

ಅಧಿಕಾರಿಣಿಯ ಹುಬ್ಬು ಮೇಲೇರಿತು. ಯಸ್? ಹಿ ನ್ಯೂ? ಅಂದರು, ಅವನಿಗೆ ಗೊತ್ತಿತ್ತಾ ಅಂತ. ಸಣ್ಣಕ್ಕನಿಗೆ ಆ ಕೊನೆಯ ಮಾತು ಗೊತ್ತಿರಲಿಲ್ಲ. "ಯಸ್, ಯಸ್," ಅಂದಳು. ಪೆನ್ನು ಕಾಗದದ ಮೇಲೆ ಓಡತೊಡಗಿತು. ಸೂಪರ್‌ವೈಸರ್ ಕುರ್ಚಿಯಲ್ಲಿ ಆರಾಮವಾಗಿ ಹಿಂದಕ್ಕೆ ಒರಗಿದ. ಗುಮಾಸ್ತ ತುಟಿಯಂಚಿನಲ್ಲಿ ನಕ್ಕ.

ಆ ನಗು ನೋಡಿದ ಕೂಡಲೇ ಅವಳಿಗೆ ತಿಳಿಯಿತು, ಏನೋ ತಲೆಕೆಳಗಾಗಿದೆ. ಗೊತ್ತಿದ್ದೂ ಬೀಗ ಹಾಕಿದ ಅಂತ ಆಯಿತು. ಅವನಿಗೆ ಗೊತ್ತಿರಲಿಲ್ಲ ಅನ್ನಬೇಕು. ಆದರೆ ಇಲ್ಲ ಅನ್ನುವ ವಾಕ್ಯವನ್ನು ಅವಳು ಕಲಿತೇ ಇರಲಿಲ್ಲ. "ನೋ" ಅಂದಳು. "ಯಸ್" ಅಂದಳು. ಮತ್ತೆ "ನೋ, ನೋ" ಅಂದಳು. ಅಧಿಕಾರಿಣಿ ಇನ್ನೂ ಗೊಂದಲಕ್ಕೆ ಬಿದ್ದು ಗುಮಾಸ್ತನ ಕಡೆ ತಿರುಗಿದರು. ಅವನು ಆಗಲೇ ಎದ್ದು ನಿಂತಿದ್ದ.

ಸಣ್ಣಕ್ಕ ಮೇಜಿನ ಮೇಲೆ ಎರಡೂ ಕೈ ಊರಿದಳು. ಮೊದಲು ಯಾರು. "ಹಿ," ಅಂದಳು. ಆಮೇಲೆ ಏನು ಮಾಡಿದ? ಅಂದುಕೊಂಡ. ಆ ಮಾತು ಒಮ್ಮೆ ಟೀಚರಮ್ಮ ಹೇಳಿಕೊಟ್ಟಿದ್ದರು, ಎಲ್ಲಿ ಹೋಯಿತು? "ಹಿ ಥಿಂಕ್." ಏನನ್ನು? ಒಳಗೆ ಯಾರೂ ಇಲ್ಲ. ಇಲ್ಲ ಅನ್ನದೆ ಇಲ್ಲ ಅನ್ನುವುದು ಹೇಗೆ? ಶೆಡ್ಡಿನ ಮೂಲೆಯಲ್ಲಿ ಪೇರಿಸಿದ ಖಾಲಿ ಪೆಟ್ಟಿಗೆಗಳ ಮೇಲೆ ಹಗಲೆಲ್ಲ ಕಾಣುವ ಕಪ್ಪು ಅಕ್ಷರ, ಲೋಡ್ ಮಾಡುವವರು ದಿನವಿಡೀ ಕೂಗುವ ಮಾತು ನಾಲಿಗೆಗೆ ಬಂತು.

"ಹಿ ಥಿಂಕ್ ರೂಮ್ ಈಸ್ ಎಂಪ್ಟಿ," ಅಂದಳು. ಯಾರಿಗೂ ಬಾಯಿ ಹಾಕಲು ಬಿಡದೆ ಮತ್ತೆ ಅಂದಳು. "ರೂಮ್ ಈಸ್ ಎಂಪ್ಟಿ. ಹಿ ಥಿಂಕ್. ಸೂಪರ್‌ವೈಸರ್ ಸೆಡ್, ಲಾಕ್. ಹಿ ಲಾಕ್ಡ್. ಹಿ ಈಸ್ ಬ್ರದರ್. ಹಿ ಈಸ್ ಹರ್ ಬ್ರದರ್."

ಅಷ್ಟು ಹೇಳಿ ಅವಳಿಗೆ ವಾಕ್ಯಗಳು ಮುಗಿದುಹೋದವು. ಅಧಿಕಾರಿಣಿ ಬರೆದದ್ದನ್ನು ಹೊಡೆದು ಹಾಕಿ, ಕೆಳಗೆ ಹೊಸದಾಗಿ ಬರೆದರು. ಗುಮಾಸ್ತನನ್ನು ಹೊರಗೆ ಕಳಿಸಿ, ಬೇರೆ ಆಫೀಸಿನಿಂದ ಮಾತು ದಾಟಿಸುವವರನ್ನು ಕರೆಸಿ, ಮಧ್ಯಾಹ್ನದ ಮೇಲೆ ಎಲ್ಲವನ್ನೂ ಮೊದಲಿಂದ ಕೇಳಿದರು. ಆಗ ಅವಳ ಗಂಡನೂ ಎದ್ದು ಬಂದು, ತನ್ನ ಬಾಯಿಂದಲೇ ಹೇಳಿದ.

ಕೋಲ್ಡ್ ರೂಮಿನ ಬೆಲ್ಲು ಕೆಟ್ಟದ್ದು ಗೊತ್ತಿದ್ದೂ ಸುಮ್ಮನಿದ್ದದ್ದಕ್ಕೆ ಮ್ಯಾನೇಜರ್, ಹುಡುಗಿಯನ್ನು ಕಳಿಸಿ ಮರೆತದ್ದಕ್ಕೆ ಸೂಪರ್‌ವೈಸರ್, ಇಬ್ಬರೂ ಹೊಣೆ ಅಂತ ತೀರ್ಮಾನವಾಯಿತು. ಕಳ್ಳತನದ ಮಾತು ಬಿದ್ದುಹೋಯಿತು. ಪುಟ್ಟಿಯ ಚಿಕಿತ್ಸೆ ಪೂರ್ತಿ ಕಂಪನಿಯ ಮೇಲೆ ಬಂತು. ಒಳಗೆ ನೋಡದೆ ಬೀಗ ಹಾಕಿದ್ದು ತಪ್ಪೇ ಅಂತ ಸಣ್ಣಕ್ಕನ ಗಂಡನ ಕೆಲಸವೂ ಹೋಯಿತು, ಜೈಲಾಗಲಿಲ್ಲ. ಟೀಚರಮ್ಮನಿಗೆ ಇದನ್ನೆಲ್ಲ ಹೇಳಿದಾಗ ಆಕೆ, ಥಿಂಕ್ ಅಲ್ಲ, ಥಾಟ್ ಅನ್ನಬೇಕಿತ್ತು ಅಂದು, ಮುಖ ತಿರುಗಿಸಿಕೊಂಡು ಕಣ್ಣೊರೆಸಿಕೊಂಡರು.

ಸಣ್ಣಕ್ಕನ ಗಂಡ ಮನೆಯಲ್ಲಿ ಮಾತು ನಿಲ್ಲಿಸಿದ. ಸಿಟ್ಟೇನೂ ಇರಲಿಲ್ಲ. ತಟ್ಟೆ ಮುಂದಿಟ್ಟರೆ ಉಣ್ಣುತ್ತಿದ್ದ, ಕರೆದರೆ ಬರುತ್ತಿದ್ದ. ಪುಟ್ಟಿಯನ್ನು ಮನೆಗೆ ಕರೆತಂದ ದಿನವೂ ಅವಳ ಬಟ್ಟೆಯ ಚೀಲ ಹಿಡಿದು ಹಿಂದೆ ಹಿಂದೆಯೇ ಬಂದ, ಕೋಣೆಯ ಹೊಸಿಲು ದಾಟಲಿಲ್ಲ. ಅಣ್ಣನ ಮುಖ ನೋಡಿದರೆ ಅವಳು ಏನು ಅಂದಾಳೋ ಅಂತ ಸಣ್ಣಕ್ಕನಿಗೂ ಜೀವ ಹಿಡಿಯಷ್ಟಾಗಿತ್ತು. ಬಾಗಿಲು ಹಾಕಿದ್ದು ಯಾರು ಅಂತ ಮನೆಯಲ್ಲಿ ಯಾರೂ ಪುಟ್ಟಿಗೆ ಹೇಳಿರಲಿಲ್ಲ.

ಪುಟ್ಟಿ ಮಂಚದ ಅಂಚಿನಲ್ಲಿ ಕೂತಳು. ಬ್ಯಾಂಡೇಜಿನ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಹೊರಗೆ ನಿಂತ ಅಣ್ಣನನ್ನು ನೋಡಿದಳು.

"ನಿನ್ನ ಕೆಮ್ಮು ಕೇಳಿಸಿತ್ತು ಅಣ್ಣಾ," ಅಂದಳು. "ನೀನು ಬಾಗಿಲು ಎಳೆಯುವಾಗ. ನಾನು ಹಿಂದಿನ ಸಾಲಿನಲ್ಲಿದ್ದೆ. ಓಡಿ ಬಂದು ಬಡಿದೆ, ಆ ಬಾಗಿಲು ದಪ್ಪ ಅಲ್ವಾ."

ಅವನು ಚೌಕಟ್ಟು ಹಿಡಿದುಕೊಂಡ.

"ಮೊದಲು ಹೆದರಿಕೆ ಆಗಲೇ ಇಲ್ಲ," ಅಂದಳು ಪುಟ್ಟಿ. "ಬೇರೆ ಯಾರಾದ್ರೂ ಹಾಕಿದ್ರೆ ಸತ್ತೇ ಅಂದ್ಕೊತಿದ್ದೆ. ನೀನಲ್ವಾ, ಮನೆಗೆ ಹೋಗುವಾಗ ಎಲ್ಲಿ ಇವಳು ಅಂತ ಹುಡುಕ್ಕೊಂಡು ಬಂದೇ ಬರ್ತೀಯ ಅಂತ ಕಾಯ್ತಾ ಕೂತಿದ್ದೆ. ಆಮೇಲೆ ನಿದ್ದೆ ಬಂದ ಹಾಗಾಯ್ತು."

ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು, ದೂರುವ ದನಿ ಅದರಲ್ಲಿ ಇರಲಿಲ್ಲ. ಅದೇ ಅವನಿಗೆ ತಡೆಯದಾಯಿತು. ಅವನು ಒಳಗೆ ಬಂದು ತಂಗಿಯ ಕಾಲ ಹತ್ತಿರ ಕೂತು, ಅವಳ ಮಂಡಿಗೆ ಹಣೆ ಒತ್ತಿ, ಬಿಕ್ಕಿ ಬಿಕ್ಕಿ ಅತ್ತ. ಪುಟ್ಟಿ ಎಡಗೈಯನ್ನು ಅವನ ತಲೆಯ ಮೇಲೆ ಇಟ್ಟಳು, ಆಮೇಲೆ ಏನು ಮಾಡಬೇಕೋ ತಿಳಿಯದೆ ಅತ್ತಿಗೆಯ ಕಡೆ ನೋಡಿದಳು.

ಸಣ್ಣಕ್ಕ, ಹಾಲು ಬಿಸಿ ಮಾಡಿ ತರ್ತೀನಿ ಅಂತ ಅಡುಗೆಮನೆಗೆ ಹೋದಳು.